ಇಪ್ಪತ್ತಾರು ಇಂಚು

ಹೆಸರಿನಲ್ಲೇ ಹೊಸತನ್ನು ಹೊತ್ತ ಊರು, ಹೊಸನಗರ;
ಬಸ್ ಸ್ಟ್ಯಾಂಡಿನ ಗೋಡೆಗೆ ಆಗಲೇ ಪಾಚಿ.
ಎಪ್ಪತ್ತೆಂಟರ ಜೂನಿನಲ್ಲಿ ಇಲ್ಲಿ ಇಳಿದೆ,
ಜೂನಿಯರ್ ಕಾಲೇಜಿಗೆ ಇಂಗ್ಲಿಷ್ ಮೇಷ್ಟ್ರು,
ಟ್ರಂಕಿನಲ್ಲಿ ನಾಲ್ಕು ಸೇರು ತೂಗುವ ನಿಘಂಟು,
ಅದರ ಮೇಲೆ ಮಡಿಸಿಟ್ಟ
ಬಿಸ್ಕತ್ತು ಬಣ್ಣದ ಟೆರಿಕಾಟ್.

ಹಂಚಾಟೆ ಪಾಂಡೋಬರಾಯರ ಅಂಗಡಿ ಎಂದರೆ
ಒಂದು ಮಿಷನ್ನು, ಒಂದು ಕನ್ನಡಿ, ಕಿವಿಯ ಸಂದಿಗೆ ಸೀಮೆಸುಣ್ಣ.
'ಕೆಳಗೆ ಎಷ್ಟು?' ಅಂದರು.
'ಇಪ್ಪತ್ತಾರು.'
ಟೇಪು ಕೊರಳಿಂದ ಇಳಿಯಲಿಲ್ಲ.
'ಮೇಷ್ಟ್ರೇ, ನಿಮ್ಮ ಸೊಂಟವೇ ಇಪ್ಪತ್ತೇಳು.'
'ಇರಲಿ.'
ಬರೆದುಕೊಂಡರು.
ಅಂಗಿಯ ಕಾಲರಿಗೆ ಜಂಭ, ಪ್ಯಾಂಟಿಗೆ ಡೌಲು,
ರವಿಕೆಯ ಬೆನ್ನಿನ ಕಿಟಕಿಗೆ ಬಿಂಕ:
ಅವರ ಅಳತೆ ಪುಸ್ತಕದ ಪದಕೋಶ ಅಷ್ಟೇ.
ಬಡಿವಾರ ಎಂಬುದು ಮಾತ್ರ
ಬಾಕಿ ಉಳಿಸಿಕೊಂಡವರ ಹೆಸರಿನ ಮುಂದೆ, ಕೆಂಪು ಶಾಯಿಯಲ್ಲಿ.

ತೊಟ್ಟು ಹೊರಟ ಮೊದಲ ದಿನ
ರಸ್ತೆಯ ಕಸಕಡ್ಡಿಯೆಲ್ಲ ಕಾಲೇಜಿನ ತನಕ ನನ್ನ ಜೊತೆ ಬಂತು.
'ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ'
ಎಂದು ಹಿಂದಿನ ಬೆಂಚು ಗೊಣಗಿದ್ದು ಕೇಳಿಸಿತು.
ಕೇಳಿಸದವನಂತೆ ಬೋರ್ಡಿನ ಮೇಲೆ ಬರೆದೆ:
ನ್ಯೂಫ್ಯಾಂಗಲ್ಡ್.
ಈಗ ಹೊಸ ನಮೂನೆಯ ವಸ್ತುವಿಗೆ ಹೇಳುತ್ತಾರೆ, ಅಂದೆ,
ಆರುನೂರು ವರ್ಷದ ಕೆಳಗೆ ಮನುಷ್ಯನಿಗೇ ಹೇಳುತ್ತಿದ್ದರು.
ಫ್ಯಾಂಗ್ ಎಂದರೆ ಹಿಡಿಯುವುದು.
ಹೊಸತು ಕಂಡಲ್ಲಿ ಕಚ್ಚಿ ಹಿಡಿದು ಬಿಡದವನು,
ಯಾರಾದರೂ ಉದಾಹರಣೆ ಕೊಡಿ.

'ಇಂಬಳ, ಸಾರ್!'
ಅಂದ ಕೋಡೂರಿನ ತಿಮ್ಮನಾಯ್ಕ.
ಮೆಚ್ಚಿ ತಲೆಯಾಡಿಸಿದೆ. ಎಂಥ ಉಪಮೆ!
ಕ್ಲಾಸು ನನ್ನ ಪಾದ ನೋಡುತ್ತಿತ್ತು.
ಇಪ್ಪತ್ತಾರು ಇಂಚಿನ ಬಾಗಿಲು, ಚಿಲಕವಿಲ್ಲ;
ಬಿಸ್ಕತ್ತು ಬಣ್ಣದ ಮೇಲೆ ಕೆಂಪು ಇಳಿದು
ಚಪ್ಪಲಿಯ ಉಂಗುಷ್ಠ ಸೇರುತ್ತಿತ್ತು.

ಸಂಜೆ ಪಾಂಡೋಬರಾಯರು ನಗಲಿಲ್ಲ.
ಕತ್ತರಿ ಒರೆಸಿಕೊಳ್ಳುತ್ತ ಅಂದರು:
'ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ,
ಇದು ಬಯಲುಸೀಮೆಯವರ ಗಾದೆ, ಮೇಷ್ಟ್ರೇ.
ಇಲ್ಲಿ ಅರ್ಧರಾತ್ರೀಲಿ ಕೊಡೆ ಹಿಡಿಯದವನೇ ಅಲ್ಪ.
ಎಲ್ಲಿಂದ ಬಂದಿರಿ, ಏನು ತೊಟ್ಟಿರಿ,
ಊರು ನೋಡಿಕೊಳ್ಳುತ್ತೆ.'
ನಾಲ್ಕು ಉದ್ದ ತ್ರಿಕೋನ ಕೆಳಗೆ ಬಿದ್ದವು.
ಬೇಕಾ ಎಂದು ಅವರೂ ಕೇಳಲಿಲ್ಲ,
ಕೊಡಿ ಎನ್ನಲು ನನಗೂ ಮುಖವಿರಲಿಲ್ಲ.

ಆಮೇಲೆ ಪ್ಯಾಂಟುಗಳು ಕಿರಿದಾದವು, ಹಿಗ್ಗಿದವು,
ಮಂಡಿಯ ಹತ್ತಿರ ಬೇಕೆಂದೇ ಹರಿದುಕೊಂಡವು.
ನನ್ನ ನಿಘಂಟನ್ನು ಗೆದ್ದಲು ಎಫ್‌ನಿಂದ ಹಿಡಿದು
ಓ ತನಕ ಓದಿ ಮುಗಿಸಿತು.
ನಿವೃತ್ತಿಯ ವಾರ, ಅದಕ್ಕಿಂತ ಒಂದು ಪುಟ ಮುಂದೆ ಕೂತು
ನಾನೂ ಓದಿದೆ: ಪ್ರೌಡ್.
ಅಜ್ಜನ ಕಾಲಕ್ಕೆ ಧೀರ, ಮುತ್ತಜ್ಜನ ಕಾಲಕ್ಕೆ, ಲ್ಯಾಟಿನ್ನಿನಲ್ಲಿ,
ಉಪಯೋಗಕ್ಕೆ ಬರುವಂಥದು.
ಮೂವತ್ತೆರಡು ವರ್ಷ
ಸೊಕ್ಕು ಎಂದಷ್ಟೇ ಬರೆಸಿದ್ದೆ ನೋಟ್ಸು.

ಯಾರಿಗೆ ಹೇಳುವುದು? ಅಂಗಡಿಗೆ ಹೋದೆ.
ಸ್ಟೂಲಿನ ಮೇಲೆ ಪಾಂಡೋಬರಾಯರು, ಕಣ್ಣಿಗೆ ಪೊರೆ;
ಮಿಷನ್ನಿನ ಮುಂದೆ ಸೊಸೆ ಅನಸೂಬಾಯಿ;
ಅವಳ ಮುಂದೆ ಮೊಬೈಲು ಹಿಡಿದ ಕಾಲೇಜಿನ ಹುಡುಗಿ,
'ಹಿಂಗೇ ಬೇಕು ಆಂಟಿ, ಕೆಳಗೆ ಇಪ್ಪತ್ತಾರು.'
ಮುದುಕರ ಮುಖ ನನ್ನ ಕಡೆ ತಿರುಗಿತು.
ನಾನು ಪಾದ ನೋಡಿಕೊಂಡೆ.

ಗುಂಡುಸೂಜಿಗೆ ಕೈ ಚಾಚಿದಳು ಅನಸೂಬಾಯಿ.
ಎಣ್ಣೆ ಡಬ್ಬಿಯ ಪಕ್ಕದಲ್ಲಿ
ಮೈತುಂಬ ಚುಚ್ಚಿಸಿಕೊಂಡು ಕೂತಿತ್ತು
ಮರದ ಪುಡಿ ತುಂಬಿದ ಮೂರು ಮೂಲೆಯ ದಿಂಬು.
ಬಣ್ಣ ಗುರುತಿಸಲು ನನಗೆ ಕನ್ನಡಕ ಬೇಕಾಗಲಿಲ್ಲ.
'ನಿಮ್ಮದೇ' ಅಂದರು ಪಾಂಡೋಬರಾಯರು.
'ಒಳ್ಳೆ ಬಟ್ಟೆ. ಸೂಜಿಗೆ ಇವತ್ತಿಗೂ ತುಕ್ಕು ಹಿಡಿದಿಲ್ಲ.'

ಹುಡುಗಿ ಕೇಳುತ್ತಿದ್ದಳು:
'ಇಪ್ಪತ್ತೆಂಟು ಆಗಲ್ವಾ?'